ದಿನಕ್ಕೆ ಎರಡೇ ಕಾರ್ಡು

ಕೀಲಿಯಜ್ಜಿಗೆ ಓದು ಬರುವುದಿಲ್ಲ ಎಂಬುದು ಅವಳ ಗಂಡನಿಗೊಬ್ಬನಿಗೆ ಗೊತ್ತಿತ್ತು. ಅವನು ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿದ. ಮಿಕ್ಕವರ ಪಾಲಿಗೆ ಅವಳು ಓದಿದವಳು. ಮೂವತ್ತು ವರ್ಷದಿಂದ ಊರಿನ ಪುಟ್ಟ ಅರಬ್ಬಿ ಶಾಲೆಯ ಬಾಗಿಲು ತೆಗೆದು, ಕಸ ಗುಡಿಸಿ, ಮಕ್ಕಳ ಮೂಗು ಒರೆಸಿ, ಸಂಜೆ ಬೀಗ ಹಾಕಿಕೊಂಡು ಹೋಗುವ ಆಯಾ ಅವಳು. ಸೊಂಟದಲ್ಲಿ ಕೀಲಿಗೊಂಚಲು, ಕಿವಿಯ ಮೇಲೆ ಒಂದು ಪೆನ್ನು. ಮಧ್ಯಾಹ್ನ ಪೇಪರ್ ಹಿಡಿದು ಕೂತರೆ ಹಾಳೆ ಮಗುಚುವ ಗತ್ತೇನು, ನಡುನಡುವೆ "ಅಯ್ಯೋ, ಕಾಲ ಕೆಟ್ಟುಹೋಯ್ತು" ಎಂಬ ನಿಟ್ಟುಸಿರೇನು! ಆ ಮಾತು ಯಾವ ದಿನದ ಪೇಪರಿಗಾದರೂ ಒಪ್ಪುತ್ತದೆ ಎಂಬುದನ್ನು ಅವಳು ಎಂದೋ ಕಂಡುಕೊಂಡಿದ್ದಳು.

ಹೀಗೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಾಗ, ಚಿಕ್ಕ ಮಕ್ಕಳಿಗೆ ಅರಬ್ಬಿ ಅಕ್ಷರ ಕಲಿಸುವ ಟೀಚರು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು.

"ಆರು ವಾರ ನೀವೇ ನೋಡ್ಕೊಳ್ಳಿ ಅಜ್ಜಿ" ಎಂದರು ಹೆಡ್‌ಮಿಸ್ಸು. "ನೀವೂ ಓದಿದೋರಲ್ವಾ, ಅರಬ್ಬಿ ಅಕ್ಷರ ಬಂದೇ ಬರುತ್ತೆ. ಮಕ್ಕಳಿಗೆ ಅಕ್ಷರದ ಹಾಡು ಬಾಯಿಗೆ ಬಂದಿದೆ. ಯಾವ ಅಕ್ಷರ ಯಾವುದು ಅಂತ ಗುರುತು ಸಿಕ್ಕಿದ್ರೆ ಸಾಕು. ಕೊನೇ ಶನಿವಾರ ಮೇಷ್ಟ್ರು ಬಂದು ಕೇಳ್ತಾರೆ. ಮಕ್ಕಳಿಗೆ ಬರದಿದ್ರೆ ಈ ತರಗತೀನೂ ಅವರಿಗೇ ಒಪ್ಪಿಸಿಬಿಡ್ತೀನಿ."

ಮೇಷ್ಟ್ರು ಎಂದರೆ ಮೇಲಿನ ಮಹಡಿಯ ಬೆತ್ತದ ಮೇಷ್ಟ್ರು. ಅವರ ಬೆತ್ತದ ರುಚಿ ಕಂಡ ಅಂಗೈಗಳಿಗೆ ಒದ್ದೆಬಟ್ಟೆ ಸುತ್ತಿದ ಕೈ ಕೀಲಿಯಜ್ಜಿಯದೇ. ಈ ಹದಿನಾಲ್ಕು ಪುಟಾಣಿಗಳ ಅಂಗೈಗಳಾದರೋ ಇನ್ನೂ ಹಸಿ ಹಿಟ್ಟಿನ ಹಾಗಿದ್ದವು. ನನಗೆ ಬರುವುದಿಲ್ಲ ಎಂದು ಅಂದೇ ಹೇಳಿಬಿಟ್ಟರೆ ಮಕ್ಕಳು ಅಂದೇ ಮಹಡಿ ಹತ್ತಬೇಕು. ಅಷ್ಟೇ ಅಲ್ಲ, ಮೂವತ್ತು ವರ್ಷದ ಪೇಪರ್ ಓದು ಊರ ಬಾಯಿಗೆ ಬೀಳುತ್ತದೆ. "ಆಗ್ಲಿ ಬಿಡಿ" ಎಂದುಬಿಟ್ಟಳು.

ತರಗತಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ. ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಇಪ್ಪತ್ತೆಂಟು ಕಾರ್ಡು, ಕಾರ್ಡಿಗೊಂದು ಅಕ್ಷರ. ಕೀಲಿಯಜ್ಜಿಗೆ ಅಕ್ಷರಗಳ ಗುರುತಿರಲಿಲ್ಲ, ಹಾಡು ಮಾತ್ರ ಪಕ್ಕಾ ಬರುತ್ತಿತ್ತು. ಬಾಗಿಲ ಹೊರಗೆ ಗುಡಿಸುತ್ತಾ ಅಲಿಫ್, ಬಾ, ತಾ ಎಂದು ಮೂವತ್ತು ವರ್ಷ ಕೇಳಿದವಳಲ್ಲವೇ! ಕಾರ್ಡುಗಳೂ ಹಾಡಿನ ಸಾಲಿನಲ್ಲೇ ತೂಗುತ್ತಿದ್ದವು. ಮಗುವೊಂದು "ಇದ್ಯಾವ್ದು ಅಜ್ಜಿ?" ಎಂದರೆ ಅವಳು ಮೊದಲ ಕಾರ್ಡಿನಿಂದ ಮನಸ್ಸಿನಲ್ಲೇ ಹಾಡುತ್ತಾ ಬಂದು, ಆ ಕಾರ್ಡು ಸಿಕ್ಕಿದ ಕೂಡಲೇ ಹೆಸರು ಹೇಳಿಬಿಡುತ್ತಿದ್ದಳು. ಮೊದಮೊದಲ ಕಾರ್ಡುಗಳಿಗಾದರೆ ಅಷ್ಟು ಹೊತ್ತು ತಳ್ಳಲು ಒಂದು ಕೆಮ್ಮು ಸಾಕು. ಕೊನೆಯ ಯಾ ಕೇಳಿದರೆ ಮಾತ್ರ ಕೆಮ್ಮಿ, ಸೆರಗು ಸರಿಮಾಡಿಕೊಂಡು, ಕೀಲಿ ಎಣಿಸಿ, ಆಮೇಲೆ ಉತ್ತರ ಕೊಡಬೇಕಾಗುತ್ತಿತ್ತು.

ಮುಂದಿನ ಹಲ್ಲು ನಾಲ್ಕೂ ಬಿದ್ದಿದ್ದ ಆರು ವರ್ಷದ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಬೊಚ್ಚಿ ಎನ್ನುತ್ತಿದ್ದರು. ಅಜ್ಜಿಯ ತುಟಿ ಅಲ್ಲಾಡುವುದನ್ನು ಅವಳು ಮೂರು ದಿನ ರೆಪ್ಪೆ ಬಡಿಯದೆ ನೋಡಿದಳು. ನಾಲ್ಕನೆಯ ದಿನ ಅಜ್ಜಿ ನೀರು ತರಲು ಹೋದಾಗ ಬೆಂಚು ಹತ್ತಿ ಎರಡು ಕಾರ್ಡುಗಳನ್ನು ಅದಲುಬದಲು ಮಾಡಿ, ಹಾಲು ಕುಡಿದ ಮಗುವಿನಂತೆ ಬಂದು ಕೂತಳು.

"ಅಜ್ಜಿ, ಐದನೇದು ಯಾವ್ದು?"

"ಜೀಮ್" ಎಂದಳು ಅಜ್ಜಿ ಠೀವಿಯಿಂದ.

"ಅಲ್ಲ! ಅದು ನೂನ್! ಜೀಮ್ ಅಲ್ಲಿ ಕೊನೇ ಹತ್ರ ಇದೆ. ನಾನೇ ಬದಲಾಯಿಸಿದ್ದು!"

ಹದಿನಾಲ್ಕು ಬಾಯಿಗಳು ಒಟ್ಟಿಗೆ ನಕ್ಕವು. ಕೀಲಿಯಜ್ಜಿಯ ಕಿವಿ ಬಿಸಿಯಾಯಿತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ?

"ಗೊತ್ತು ಕಣೇ! ಬೇಕಂತಲೇ ತಪ್ಪು ಹೇಳ್ದೆ. ನೀವು ಕಣ್ಣು ಬಿಟ್ಕೊಂಡಿದ್ದೀರೋ, ನಿದ್ದೆ ಹೊಡೀತಿದ್ದೀರೋ ನೋಡ್ಬೇಕಿತ್ತು."

ಅಷ್ಟು ಹೇಳಿದ್ದೇ ತಡ, ಅದು ಆಟವಾಗಿಬಿಟ್ಟಿತು. ದಿನಕ್ಕೊಬ್ಬರು ಕಳ್ಳ. ಮಿಕ್ಕವರೂ ಅಜ್ಜಿಯೂ ಗೋಡೆಗೆ ಮುಖ ಮಾಡಿ ನಿಂತು ಹಾಡು ಹೇಳಬೇಕು, ಹಾಡು ಮುಗಿಯುವಷ್ಟರಲ್ಲಿ ಕಳ್ಳ ಕಾರ್ಡು ಬದಲಾಯಿಸಿರಬೇಕು, ಆಮೇಲೆ ಎಲ್ಲರೂ ಹುಡುಕಬೇಕು. ಎಲ್ಲಾ ಕಾರ್ಡನ್ನೂ ಕಲಸಿಬಿಡೋಣ ಎಂದು ಹುಡುಗರು ಕುಣಿದರು. ಬೊಚ್ಚಿ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು: "ಉಹುಂ, ದಿನಕ್ಕೆ ಎರಡೇ ಕಾರ್ಡು." ಅವಳ ಮಾತಿಗೆ ಎದುರಿಲ್ಲ. ಸದ್ಯ ಬದುಕಿದೆ ಎಂದುಕೊಂಡಳು ಅಜ್ಜಿ.

ಅಜ್ಜಿಯನ್ನು ಬೇಸ್ತು ಬೀಳಿಸಬೇಕೆಂದರೆ ಕಳ್ಳನಿಗೆ ತಾನು ಕದ್ದ ಮಾಲಿನ ಗುರುತು ಚೆನ್ನಾಗಿ ಇರಬೇಕು. ಹಾಗಾಗಿ ಯಾರೂ ಕಲಿ ಎನ್ನದಿದ್ದರೂ ಮಕ್ಕಳು ಕಲಿತರು. ಹೊಟ್ಟೆಯಲ್ಲಿ ಕಾಳು ಇಟ್ಟುಕೊಂಡವನು ಜೀಮ್. ಬಟ್ಟಲೊಳಗೆ ಒಂದೇ ಅಗುಳು ಇದ್ದರೆ ನೂನ್. ಮೂರು ಹಲ್ಲು ಕಿರಿಯುವ ಸೀನ್ ಕಂಡರೆ ಬೊಚ್ಚಿಗೆ ಹೊಟ್ಟೆಕಿಚ್ಚು. ಮಕ್ಕಳು ಮನೆಗೆ ಹೋದ ಮೇಲೆ ಅಜ್ಜಿಯ ಪಾಠ ಶುರು. ಪೊರಕೆಯ ಕಡ್ಡಿಯಿಂದ ನೆಲದ ಧೂಳಿನಲ್ಲಿ ಆ ದಿನದ ಎರಡು ಅಕ್ಷರ ಬರೆಯುತ್ತಿದ್ದಳು, ಸೊಟ್ಟಗಾದರೆ ಗುಡಿಸಿ ಮತ್ತೆ ಬರೆಯುತ್ತಿದ್ದಳು. ಅವಳು ಸ್ಲೇಟು ಹಿಡಿಯಬೇಕಾದ ವಯಸ್ಸಿನಲ್ಲಿ ಸೊಂಟದ ಮೇಲೆ ತಮ್ಮಂದಿರಿದ್ದರು, ಒಬ್ಬ ಇಳಿದರೆ ಇನ್ನೊಬ್ಬ. ಐದನೆಯ ವಾರ ಮಗುವೊಂದು ಯಾ ತೋರಿಸಿದಾಗ ಅವಳಿಗೆ ಕೆಮ್ಮು ಬರಲಿಲ್ಲ. ಆ ಸಂಜೆ ಖಾಲಿ ತರಗತಿಯಲ್ಲಿ ಪೊರಕೆ ಹಿಡಿದುಕೊಂಡು ಅವಳು ಸಂತೋಷಕ್ಕೆ ಅತ್ತಳು.

ಕೊನೆಯ ಶನಿವಾರ ಬಂತು. ಬೆಳಿಗ್ಗೆಯ ಆಟ ಮುಗಿದು, ಕಳ್ಳ ಸಿಕ್ಕಿಬಿದ್ದು, ಕಾರ್ಡುಗಳನ್ನು ಇನ್ನೇನು ಜಾಗಕ್ಕೆ ಹಾಕಬೇಕು, ಅಷ್ಟರಲ್ಲಿ ಹೆಡ್‌ಮಿಸ್ಸಿನ ಜೊತೆ ಮೇಷ್ಟ್ರು ಒಳಗೆ ಬಂದರು. ಅಂದು ಸೀನ್ ಇರಬೇಕಾದ ಹನ್ನೆರಡನೆಯ ಜಾಗದಲ್ಲಿ ಲಾಮ್ ತೂಗುತ್ತಿತ್ತು.

"ನಾನು ಹೇಳ್ತೀನಿ, ನನ್ನ ಹಿಂದೆ ಹೇಳಿ" ಎಂದು ಮೇಷ್ಟ್ರು ಬೆತ್ತ ಎತ್ತಿದರು. ನಲವತ್ತು ವರ್ಷದ ಅಭ್ಯಾಸ, ಬೆತ್ತ ತಾನಾಗಿ ಕಾರ್ಡಿನಿಂದ ಕಾರ್ಡಿಗೆ ಓಡಿತು. ಅವರ ಕಣ್ಣು ಮಕ್ಕಳ ಮೇಲಿತ್ತು, ಕನ್ನಡಕ ಜೇಬಿನಲ್ಲಿತ್ತು. ಅಲಿಫ್, ಬಾ, ತಾ... ರಾ, ಝಾ...

"ಸೀನ್!"

ಒಂದು ಮಗುವೂ ಬಾಯಿ ಬಿಡಲಿಲ್ಲ.

"ಸೀನ್!" ಬೆತ್ತ ಕಾರ್ಡಿಗೆ ಪಟ್ಟೆಂದು ಬಡಿಯಿತು.

"ಅದು ಲಾಮ್ ಮೇಷ್ಟ್ರೇ" ಎಂದಳು ಬೊಚ್ಚಿ. ಹಿಂದೆಯೇ ಹದಿಮೂರು ಗಂಟಲು ಕಿರುಚಿದವು, "ಲಾಮ್! ಲಾಮ್!"

ಮೇಷ್ಟ್ರು ಕಾರ್ಡಿನ ಹತ್ತಿರ ಮೂಗು ತಂದು ನೋಡಿದರು. ಅವರ ಕಿವಿ ನಿಧಾನಕ್ಕೆ ಕೆಂಪಾಯಿತು. ಮಕ್ಕಳು ಕಿಸಕ್ಕೆಂದು ನಕ್ಕರು, ಹೆಡ್‌ಮಿಸ್ಸು ಹುಬ್ಬೇರಿಸಿದರು.

ನಿಜ ಹೇಳಬೇಕೆಂದರೆ ಕೀಲಿಯಜ್ಜಿಗೆ ಖುಷಿಯೇ ಆಯಿತು. ಅಷ್ಟು ಅಂಗೈಗಳ ಲೆಕ್ಕ ಒಂದೇ ಏಟಿಗೆ ಚುಕ್ತಾ! ಸುಮ್ಮನಿದ್ದರೂ ಸಾಕಿತ್ತು, ಮೇಷ್ಟ್ರ ಮರ್ಯಾದೆ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಆದರೆ ಆ ಕಿವಿಯ ಬಿಸಿ ಎಂಥದೆಂದು ಅವಳಿಗೆ ಗೊತ್ತಿತ್ತು.

"ನಗ್ಬೇಡ್ರೋ!" ಎಂದು ಗದರಿದಳು. "ಮೇಷ್ಟ್ರು ಬೇಕಂತಲೇ ತಪ್ಪು ಹೇಳಿದ್ರು. ನೀವು ಕಣ್ಣು ಬಿಟ್ಕೊಂಡಿದ್ದೀರೋ ಇಲ್ವೋ ನೋಡೋಕೆ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಅವಳನ್ನೇ ನೋಡಿದರು. "ಹೌದೌದು" ಎಂದು ಗಂಟಲು ಸರಿಮಾಡಿಕೊಂಡರು. "ಪರವಾಗಿಲ್ಲ, ಚುರುಕಾಗಿದ್ದಾರೆ."

ಆಮೇಲೆ ಹೆಡ್‌ಮಿಸ್ಸು ಅಲ್ಲೊಂದು ಇಲ್ಲೊಂದು ಕಾರ್ಡು ಕಿತ್ತು ಕೇಳಿದರು. ಮಕ್ಕಳು ಒಂದನ್ನೂ ತಪ್ಪು ಹೇಳಲಿಲ್ಲ. ತರಗತಿ ಅಜ್ಜಿಯ ಕೈಯಲ್ಲೇ, ಟೀಚರು ವಾಪಸ್ಸು ಬರುವವರೆಗೂ. ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು ಬೆತ್ತವನ್ನು ಅವಳ ಕೈಗಿಟ್ಟರು. "ಹಗ್ಗ ಎತ್ತರದಲ್ಲಿದೆ, ಕಾರ್ಡು ತೋರ್ಸೋಕೆ ಬೇಕಾಗುತ್ತೆ, ಇಟ್ಕೊಳ್ಳಿ" ಎಂದು ತಿರುಗಿ ನೋಡದೆ ಮಹಡಿ ಹತ್ತಿದರು.

ಸಂಜೆ ಅಜ್ಜಿ ಬೀಗ ಹಾಕುತ್ತಿದ್ದಾಗ ಬೊಚ್ಚಿ ಅವಳ ಸೆರಗು ಜಗ್ಗಿದಳು.

"ಅಜ್ಜಿ, ಮೇಷ್ಟ್ರು ಬೇಕಂತ ಹೇಳಿದ್ದಲ್ಲ, ಅಲ್ವಾ?"

"ಶ್! ಸುಮ್ನಿರೇ."

"ನೀನೂ ಅವತ್ತು ಬೇಕಂತ ಹೇಳಿದ್ದಲ್ಲ."

ಅಜ್ಜಿಯ ಕೈಯಲ್ಲಿ ಕೀಲಿ ಅಲ್ಲೇ ನಿಂತಿತು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲಪ್ಪ" ಎಂದಳು ಬೊಚ್ಚಿ, ದೊಡ್ಡವರ ಹಾಗೆ ತಲೆಯಾಡಿಸಿ. "ಅದಕ್ಕೇ ತಾನೇ ದಿನಕ್ಕೆ ಎರಡೇ ಅಂದಿದ್ದು. ಎಲ್ಲಾ ಕಲಸಿದ್ರೆ ಪಾಪ, ನಿಂಗೆ ಕಷ್ಟ ಆಗ್ತಿತ್ತು."