ಮಾಣಿಕ ಹಾಕಿದ ಪ್ಲಗ್

ಆ ದಿನ ನನ್ನ ಗಾಡಿ ಕೆಟ್ಟಿರಲಿಲ್ಲ. ಔರಾದಿನಲ್ಲಿ ಅವ್ವ ಕೊನೆಯುಸಿರು ಎಳೆಯುತ್ತಿದ್ದಾಗ ನಾನು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಎಂದೇ ಎಲ್ಲರೂ ನಂಬಿದ್ದಾರೆ — ಸ್ಪಾರ್ಕ್ ಪ್ಲಗ್ ಕೈಕೊಟ್ಟಿತು, ಪಾಪ, ಮಗ ಮುಖ ನೋಡದಂತಾಯಿತು ಎಂದು. ಸುಳ್ಳು. ಪ್ಲಗ್ ಚೆನ್ನಾಗಿತ್ತು. ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತವನು ನಾನು.

ನಾನಾಗ ಭಾಲ್ಕಿಯ ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತ. ಅವ್ವ ಔರಾದಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಹಿಂದಿನ ವಾರವಷ್ಟೇ ನೋಡಿ ಬಂದಿದ್ದೆ. ಅವಳ ಎದೆಯೊಳಗಿಂದ ಬರುತ್ತಿದ್ದ ಆ ಗೊರಗೊರ ಸದ್ದು... ಊಟಕ್ಕೆ ಕೂತರೂ ಕಿವಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಅಕ್ಕನ ಫೋನ್ ಬಂತು. "ತಮ್ಮಾ, ಇವತ್ತ ದಾಟೋದು ಕಷ್ಟ ಅದ. ಲಗೂನ ಬಾ."

ಹೊರಟೆ. ಬೀದರ ಹತ್ತಿರವಾಗುತ್ತಿದ್ದಂತೆ ಬೈಕು ಮಿಸ್ಸಿಂಗ್ ಹೊಡೆಯತೊಡಗಿತು. ಎಳೆಯುವುದು, ಕೆಮ್ಮುವುದು, ಮತ್ತೆ ಎಳೆಯುವುದು. ಗಾಡಿ ಕೆಟ್ಟದ್ದು ಇಷ್ಟು ಮಾತ್ರ ನಿಜ. ಹೇಗೋ ಊರೊಳಗಿನ ಮಾಣಿಕನ ಗ್ಯಾರೇಜು ಮುಟ್ಟಿಸಿದೆ. ಮಾಣಿಕ ನನ್ನ ಶಾಲೆಯ ಗೆಳೆಯ. ತಾಯಿಯಿಲ್ಲದ ಹುಡುಗನಾಗಿದ್ದ ಅವನಿಗೆ ಅವ್ವನೇ ರೊಟ್ಟಿ ಬಡಿದು ಹಾಕಿದ್ದಳು, ಅವಳನ್ನು ಚಿಕ್ಕಮ್ಮನಂತೆ ಕಾಕಿ ಎನ್ನುತ್ತಿದ್ದ. ಸುದ್ದಿ ಕೇಳಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ. ಹಳೆಯ ಪ್ಲಗ್ ಬಿಚ್ಚಿದರೆ ತುದಿಯೆಲ್ಲ ಕರಿ ಮಸಿ. ಹೊಸವೆರಡನ್ನು ಪಕ್ಕಪಕ್ಕ ಹಿಡಿದು ನೋಡಿದ.

"ಈ ಉದ್ದಂದು ಕೂಡ್ತದ, ಖರೆ ಒಳಗ ಪಿಸ್ಟನ್‌ಗಿ ಬಡೀತದ. ನಿನ್ನ ಗಾಡಿಗಿ ಈ ಗಿಡ್ಡಂದೇ ಸೈ."

ತುದಿಯ ಸಂದು ಸರಿಮಾಡಿ, ಮೊದಲು ಬೆರಳಿನಿಂದಲೇ ತಿರುಗಿಸಿ ಕೂಡಿಸಿ, ಆಮೇಲೆ ಪಾನಾ ಹಾಕಿ ಬಿಗಿದ. "ಹೋಗು, ನಡಬರಕ ಎಲ್ಲೂ ನಿಂದ್ರಬ್ಯಾಡ. ಸಂಜೀಕ ಬರ್ತೇನಿ ಅಂತ ಕಾಕಿಗಿ ಹೇಳು."

ಊರು ದಾಟಿದ ಮೇಲೆ ಬೈಕು ಹೊಸದರಂತೆ ಓಡಿತು. ಅದನ್ನೇ ನನಗೆ ತಡೆಯಲಾಗಲಿಲ್ಲ — ಇನ್ನೇನು ಔರಾದು ಬಂದೇ ಬಿಡುತ್ತದೆ, ಆ ಬಾಗಿಲು, ಆ ಮಂಚ, ಆ ಸದ್ದು... ತೊಗರಿ ಹೊಲಗಳ ನಡುವೆ ಒಂದು ಬೇವಿನ ಮರದಡಿ ನಿಲ್ಲಿಸಿದೆ. ಗಾಡಿಯಲ್ಲಿದ್ದ ಪಾನಾ ತೆಗೆದು ಬಿಸಿ ಪ್ಲಗ್ ಬಿಚ್ಚಿದೆ. ಬೆರಳು ಸುಟ್ಟವು. ಸುಮ್ಮನೆ ನಿಲ್ಲಬಹುದಿತ್ತು, ಬಿಚ್ಚಿದ್ದು ಯಾಕೆ? ಬಿಚ್ಚಿದರೆ, ಹೋಗಲಾರೆ ಎನ್ನುವ ಮಾತು ಸುಳ್ಳಾಗುವುದಿಲ್ಲ ಎಂದುಕೊಂಡೆನೋ ಏನೋ.

ಫೋನ್ ಬಂತು. "ಎಲ್ಲಿದ್ದಿ? ಅವ್ವ ಬಾಗಿಲ ಕಡೀನೇ ನೋಡ್ಲಾಕತ್ತಾಳ."

"ಗಾಡಿ ಬಂದ್ ಬಿದ್ದದ ಅಕ್ಕಾ. ಪ್ಲಗ್ ಹೋಗ್ಯದ."

"ಬಸ್ ಹತ್ತಿ ಬಾರಪ್ಪ!"

ಬಸ್ಸೂ ಬಂತು. ಚಾಲಕ ವೇಗ ತಗ್ಗಿಸಿ ನನ್ನತ್ತ ನೋಡಿದ. ನಾನು ಕೈಯಾಡಿಸಿ, ಹೋಗು ಎಂದೆ.

ಮತ್ತೆ ಅಕ್ಕನ ಫೋನ್ ಬಂದಾಗ ಅವಳ ದನಿಯಲ್ಲಿ ಅವಸರವಿರಲಿಲ್ಲ. "ಸಾವಕಾಶ ಬಾ ತಮ್ಮಾ," ಅಂದಳು. ಅಷ್ಟೇ.

ಪ್ಲಗ್ ಹಾಕಿದೆ. ಒಂದೇ ಕಿಕ್ಕಿಗೆ ಶುರುವಾಯಿತು.

ದಾರಿಹೋಕರು ಯಾರೋ ಬೇರೆ ಪ್ಲಗ್ ಕೊಟ್ಟರೆಂದು ಮನೆಯಲ್ಲಿ ಹೇಳಿದೆ. ಸುಟ್ಟ ಬೆರಳು ನೋಡಿ ಮಂದಿ ಮರುಗಿದರು. ಎಷ್ಟು ಒದ್ದಾಡಿರಬೇಕು ಎಂದರು. ಕೆಟ್ಟ ಪ್ಲಗ್ ಹಾಕಿದವರು ಯಾರು ಎಂದು ಭಾವ ಕೇಳಿದರು. ಮಾಣಿಕ ಅಂದೆ. ಆ ಒಂದು ಹೆಸರು ಸಾಕಾಯಿತು. ಸಂಜೆ ಅವನು ಬಂದಾಗ ಅಕ್ಕ ಅವನನ್ನು ಅವ್ವನ ಹತ್ತಿರ ಬಿಡಲಿಲ್ಲ. ಅಂಗಳದಲ್ಲೇ ಅವನು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ.

"ನನ್ನ ಕೈಲಿಂದ ಹಿಂಗಾತಲ್ಲೋ. ಆ ಪ್ಲಗ್ ಕೊಡು, ಏನಾಗ್ಯದ ನೋಡ್ತೇನಿ."

"ಒಗದ್ ಬಿಟ್ಟೆ," ಅಂದೆ. ಅದು ಹೊರಗೆ ನಿಂತ ನನ್ನ ಬೈಕಿನಲ್ಲೇ ಇತ್ತು. ಆಮೇಲೆ — ಇದನ್ನು ಬರೆಯಲು ಕೈ ಬರುವುದಿಲ್ಲ — "ಹೋಗ್ಲಿ ಬಿಡು ಮಾಣಿಕ, ನಾ ಮನಸಿನಾಗ ಇಟ್ಕೊಂಡಿಲ್ಲ" ಅಂದೆ. ಅವನನ್ನು ಕ್ಷಮಿಸಿದೆ. ನಾನು, ಅವನನ್ನು!

ಮಾತು ಬೀದರಕ್ಕೂ ಹೋಯಿತು. ಗಿರಾಕಿಗಳು ಬಿಟ್ಟುಹೋದದ್ದಕ್ಕಿಂತ ಅವನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋದದ್ದೇ ದೊಡ್ಡ ಪೆಟ್ಟಾಯಿತು. ಬಿಗಿದ ಪ್ಲಗ್ಗನ್ನು ಮತ್ತೆ ಬಿಚ್ಚುವನಂತೆ, ನೋಡುವನಂತೆ, ಮತ್ತೆ ಬಿಗಿಯುವನಂತೆ. ಕೊನೆಗೆ ಗ್ಯಾರೇಜು ಮುಚ್ಚಿ ಯಾವುದೋ ಗೋದಾಮಿನ ಕಾವಲಿಗೆ ನಿಂತ. ಎಲ್ಲ ನನಗೆ ತಿಳಿಯುತ್ತಲೇ ಇತ್ತು. ವರ್ಷಗಟ್ಟಲೆ ಆ ಬೀದಿ ತಪ್ಪಿಸಿ ಓಡಾಡಿದೆ.

ಮೊನ್ನೆ ಅವನ ಮನೆಗೆ ಹೋಗಿ ಹೇಳಿದೆ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ. ಎಲ್ಲ ಕೇಳಿಸಿಕೊಂಡ, ಬೈಯಲಿಲ್ಲ. ಬೈದಿದ್ದರೆ... ಒಂದೇ ಮಾತು ಕೇಳಿದ.

"ಗಾಡಿ ಛಲೋ ನಡದಿತ್ತೇನು?"

"ಛಲೋ ನಡದಿತ್ತು."

ತನ್ನ ಅಂಗೈಗಳನ್ನು ನೋಡಿಕೊಂಡ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ನಿಂತು ಕರೆದೆ, ತೆರೆಯಲಿಲ್ಲ.

ಇನ್ನು ಅಕ್ಕನಿಗೆ ಹೇಳಬೇಕು. ನಾಳೆ ಔರಾದಿಗೆ ಹೋಗುತ್ತೇನೆ. ಕೊನೆಯ ಗಳಿಗೆಯಲ್ಲಿ ಅವ್ವ ಏನೆಂದಳು ಎಂದು ಅವಳು ಹೇಳಲು ಬಂದಾಗಲೆಲ್ಲ ನಾನು ಎದ್ದು ಹೋಗಿದ್ದೇನೆ. ಈ ಸಲ ಕೂತು ಕೇಳುವ ಆಸೆಯಿದೆ. ಆದರೆ ನನ್ನ ಮಾತು ಮುಗಿದ ಮೇಲೆ ಅವಳು ಅದನ್ನು ನನಗೆ ಹೇಳುತ್ತಾಳೆಯೇ — ಹೇಳು ಎನ್ನಲು ನಾನಾದರೂ ಯಾರು...