ಚಾಟ್ನಿಗೆ ಮೊದಲಿನ ಮೂರು ದಿನ

ದ್ರಾಕ್ಷಿ ಬೆಳೆಯುವವರು ಜಲಪಾತ ನೋಡಲು ಹೋಗುವುದು ಅದರಲ್ಲಿ ನೀರಿಲ್ಲದಾಗ. ಇದು ನಮ್ಮ ಕಾಗವಾಡದ ಕಡೆಯವರ ಹಣೆಬರಹ. ದ್ರಾಕ್ಷಿ ತೋಟಕ್ಕೆ ನಾವು ಪಡ ಅನ್ನುತ್ತೇವೆ. ಮಾರ್ಚ್ ಮುಗಿಯುವ ಹೊತ್ತಿಗೆ ಪಡದ ಹಣ್ಣೆಲ್ಲ ಲಾರಿ ಹತ್ತಿ ಹೋಗಿರುತ್ತದೆ. ಏಪ್ರಿಲ್ ಬಂತೆಂದರೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾಗುತ್ತದೆ. ಇವೆರಡರ ನಡುವೆ ಸಿಗುವ ಹತ್ತು ಹನ್ನೆರಡು ದಿನಗಳೇ ಬಿಡುವು. ಮಳೆಗಾಲದಲ್ಲಿ ಲೋಕವೆಲ್ಲ ಘಟ್ಟದ ಕಡೆ ಓಡುವಾಗ ನಮ್ಮವರು ಬಳ್ಳಿಗೆ ಔಷಧಿ ಹೊಡೆಯುತ್ತ ಆಕಾಶಕ್ಕೆ ಬೈಯುತ್ತಿರುತ್ತಾರೆ.

ನಮ್ಮವರು ಅಂದೆನಲ್ಲ, ನಾನು ಆ ಗುಂಪಿಗೆ ಸೇರಿದವನಲ್ಲ. ನಾನು ಚಿಕ್ಕೋಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮೂವತ್ತು ವರ್ಷ ಫೈಲು ಎತ್ತಿಟ್ಟು ಬೆನ್ನು ಬಾಗಿಸಿಕೊಂಡವನು. ಪಡ ನೋಡಿಕೊಂಡವನು ಅಣ್ಣ. ಅಪ್ಪ ಹೋದಾಗ ಅವನಿಗೆ ಇಪ್ಪತ್ತು, ನನಗೆ ಹದಿನೈದು. ನಾಲ್ಕು ಎಕರೆಯಲ್ಲಿ ಆಗ ಜೋಳ ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲ. ಅವನೇ ಆಳುಗಳ ಜೊತೆ ಇಳಿದು ಬಾವಿ ತೋಡಿದ, ಬಳ್ಳಿ ಹಚ್ಚಿದ, ನನ್ನನ್ನು ಕಾಲೇಜಿಗೆ ಕಳಿಸಿದ. ಈ ಮಾತನ್ನು ಅಣ್ಣ ನನ್ನ ಮುಂದೆ ಒಂದು ದಿನವೂ ಎತ್ತಿದವನಲ್ಲ. ಊರಿನವರು ಎತ್ತಿ ಎತ್ತಿ ನನ್ನ ತಲೆ ಚಿಟ್ಟು ಹಿಡಿಸಿದ್ದರು. ಉಪಕಾರದ ಮಾತು ದಿನಾ ಕೇಳಿದರೆ ಉಪಕಾರ ಮಾಡಿದವನ ಮೇಲೆಯೇ ಸಿಟ್ಟು ಬರುತ್ತದೆ. ನನಗೆ ಬಂದಿತ್ತು.

ಅವ್ವ ಇರುವವರೆಗೆ ಪಾಲಿನ ಮಾತು ಮನೆಯಲ್ಲಿ ಹುಟ್ಟಲಿಲ್ಲ. ಅವ್ವ ತೀರಿಕೊಂಡು ವರ್ಷದ ಊಟ ಮುಗಿಯಿತು. ಕೈ ತೊಳೆಯುತ್ತಲೇ ಬೀಗರು ಕೇಳಿದರು, "ಮುಂದ ಹೆಂಗ್ರಿ? ಕೂಡೇ ಇರ್ತೀರೋ, ಬ್ಯಾರೆ ಆಗ್ತೀರೋ?" ನಮ್ಮಲ್ಲಿ ಪಾಲಿಗೆ ಒಂದು ಪದ್ಧತಿ ಇದೆ. ಹಿರಿಯನು ಪಾಲು ಹಾಕಬೇಕು, ಮೊದಲು ಆರಿಸಿಕೊಳ್ಳುವ ಹಕ್ಕು ಕಿರಿಯನದು. ಹಾಗಾಗಿ ನನಗೆ ಚಿಂತೆ ಇರಬಾರದಿತ್ತು. ಆದರೆ ಇತ್ತು. ನಾಲ್ಕು ಎಕರೆಯಲ್ಲಿ ಬಾವಿ ಕಡೆಯ ಎರಡೆಕರೆ ಬಂಗಾರ. ರಸ್ತೆ ಕಡೆಯ ಎರಡೆಕರೆಯ ಬೋರು ಬೇಸಿಗೆ ಬಂದರೆ ಕೆಮ್ಮುತ್ತದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನನಗೆ ಬಾವಿ ಕಡೆಯದರ ಮೇಲೆ ಕಣ್ಣಿತ್ತು. ಅಲ್ಲೊಂದು ಮನೆ ಕಟ್ಟಿ, ಹೊರಗೆ ಖುರ್ಚಿ ಹಾಕಿಕೊಂಡು ಕೂಡುವ ಆಸೆ. ಇಲ್ಲಿಯವರೆಗೂ ಇದನ್ನು ಯಾರ ಮುಂದೆಯೂ ಇಷ್ಟು ಬಿಚ್ಚಿ ಹೇಳಿರಲಿಲ್ಲ.

ಹೀಗಿರುವಾಗ ಅಣ್ಣನ ಫೋನು ಬಂತು.

"ಚಾಟ್ನಿಗೆ ಇನ್ನ ಹತ್ತ ದಿನ ಐತಿ. ನಾಕೂ ಮಂದಿ ಕೂಡಿ ಗೋವಾಕ್ಕ ಹೋಗಿ ಬರೂಣು."

ನಾನು ನಕ್ಕೆ. ಸಾಂಗಲಿ, ಮಿರಜ ಬಿಟ್ಟು ಆಚೆ ಕಾಲಿಡದ ಮನುಷ್ಯ. "ಗೋವಾದಾಗ ನಿಂದೇನೈತೋ ಅಣ್ಣ?"

"ಏನಿಲ್ಲೋ. ಮಂದಿ ಎಲ್ಲಾ ಹೋಗತಾರ. ಬರೂ ಮುಂದ ಅಂಬೋಲಿ ಧಬಧಬಾನೂ ನೋಡಿ ಬರೂಣು."

ಧಬಧಬಾ ಅಂದರೆ ಜಲಪಾತ. ಫೋನಿಟ್ಟ ಮೇಲೆ ನಗು ಹೋಯಿತು. ಕರೆದದ್ದು ಸುಮ್ಮನೆ ಅಲ್ಲ ಅನ್ನಿಸಿತು. ಮನೆಯಲ್ಲಿ ಆಡಲಾಗದ ಮಾತು ಆಡಲು ಊರ ಹೊರಗೆ ಕರೆದೊಯ್ಯುತ್ತಿದ್ದಾನೆ ಎಂದು ಹೆಂಡತಿಗೆ ಹೇಳಿದೆ. ಅವಳು, "ಹೋಗೂಣ ಬಿಡ್ರಿ, ಸಮುದ್ರಾನರ ನೋಡಿದಂಗ ಆಗತೈತಿ" ಅಂದಳು.

ಅಣ್ಣ ಮತ್ತು ವೈನಿ, ಅಂದರೆ ಅತ್ತಿಗೆ, ಮೊದಲ ಬಸ್ಸಿಗೆ ಚಿಕ್ಕೋಡಿಗೆ ಬಂದಿಳಿದರು. ಬುತ್ತಿ ತರಬೇಡ ಎಂದು ಮೂರು ಸಲ ಹೇಳಿದ್ದೆ. ವೈನಿಯ ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಹೋಳಿಗೆ, ಚಟ್ನಿಯ ಡಬ್ಬಿ. ಅಣ್ಣನ ಹೆಗಲ ಮೇಲೆ ಕಡೆಯ ಕೊಯ್ಲಿನಲ್ಲಿ ಉಳಿದ ಒಂದು ಪೆಟ್ಟಿಗೆ ಹಣ್ಣು. ನನ್ನ ಕಾರಿನ ಡಿಕ್ಕಿಯಲ್ಲಿ ಬಟ್ಟೆಯ ಚೀಲಕ್ಕೆ ಜಾಗ ಉಳಿಯಲಿಲ್ಲ. ನಾನು ಗೊಣಗಿದೆ. "ಗೋವಾದಾಗ ಏನ ಉಪವಾಸ ಹಾಕ್ತಾರೇನು?" ಎಂದದ್ದಕ್ಕೆ ವೈನಿ, "ಅಲ್ಲಿ ಊಟ ನಮಗ ಹೊಂದಬೇಕಲ್ಲಪ್ಪಾ" ಎಂದು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತರು. ನಿಪ್ಪಾಣಿ ದಾಟುವವರೆಗೆ ನಾನು ಮುಖ ಬಿಗಿದುಕೊಂಡಿದ್ದೆ. ಆಮೇಲೆ ಘಟ್ಟ ಇಳಿಯುವಾಗ ಹಸಿವಾಗಿ ಅದೇ ಗಂಟು ಬಿಚ್ಚಿಸಿದವನೂ ನಾನೇ.

ಮೊದಲ ದಿನ ಸಂಜೆ ಸಮುದ್ರ ನೋಡಿದೆವು. ಅಣ್ಣ ಧೋತರ ಮೊಣಕಾಲಿಗೆ ಎತ್ತಿ ನೀರಿನಲ್ಲಿ ನಿಂತು ಒಂದು ಬೊಗಸೆ ಬಾಯಿಗೆ ಹಾಕಿಕೊಂಡ. ಉಗುಳಿ, "ಇಷ್ಟ ನೀರ ಇದ್ದೂ ಒಂದ ಬಳ್ಳಿಗಿ ಹಾಯಸಾಕ ಬರಂಗಿಲ್ಲ" ಅಂದ. ವೈನಿ ಮತ್ತು ನನ್ನ ಹೆಂಡತಿ ಕೈ ಕೈ ಹಿಡಿದುಕೊಂಡು ಅಲೆ ಬಂದಾಗಲೆಲ್ಲ ಕಿರುಚಿ ನಕ್ಕರು. ಅವರಿಬ್ಬರೂ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಎರಡನೆಯ ದಿನ ಸಂಜೆ ಪಣಜಿಯಲ್ಲಿ ಹೊಳೆಯ ಮೇಲಿನ ದೋಣಿ ಸವಾರಿಗೆ ಹೋದೆವು. ದೋಣಿ ಅಂದರೆ ಎರಡು ಅಂತಸ್ತಿನ ಹಡಗು, ಮೇಲಿನ ಅಂತಸ್ತಿನಲ್ಲಿ ಹಾಡು ಕುಣಿತ. ದಂಡೆಯ ಉದ್ದಕ್ಕೂ ಜೂಜಿನ ಹಡಗುಗಳು ಬಣ್ಣಬಣ್ಣದ ದೀಪ ಹಚ್ಚಿಕೊಂಡು ನಿಂತಿದ್ದವು. ರಾತ್ರಿಗೆ ಇಷ್ಟೊಂದು ದೀಪ ಖರ್ಚು ಮಾಡುವ ಊರನ್ನು ಅಣ್ಣ ಕಂಡಿರಲಿಲ್ಲ. ನಮ್ಮ ಪಡದಲ್ಲಿ ರಾತ್ರಿ ಕರೆಂಟು ಬಂದರೆ ಬ್ಯಾಟರಿ ಹಿಡಿದು ಮೋಟರು ಚಾಲು ಮಾಡಲು ಓಡುವುದೇ ಅವನ ರಾತ್ರಿ ಜೀವನ. ಅವನು ಹಡಗಿನ ಅಂಚಿನ ಕಂಬಿ ಹಿಡಿದು ಸುಮ್ಮನೆ ದೀಪ ನೋಡುತ್ತಿದ್ದ.

ಮೈಕು ಹಿಡಿದವನು ಮೊದಲು ಮಕ್ಕಳನ್ನು ಕುಣಿಯಲು ಕರೆದ, ಆಮೇಲೆ ಹೊಸ ಜೋಡಿಗಳನ್ನು, ಆಮೇಲೆ ವಯಸ್ಸಾದವರನ್ನು. ನಾನು ನೋಡುವಷ್ಟರಲ್ಲಿ ಅಣ್ಣ ವೇದಿಕೆಯ ಮೇಲಿದ್ದ. ಬಿಳಿ ಟೊಪ್ಪಿಗೆ, ಧೋತರ, ಕಿಸೆಯಲ್ಲಿ ಚಷ್ಮಾದ ಡಬ್ಬಿ. ಅವನಿಗೆ ಬರುವ ಕುಣಿತ ಒಂದೇ, ಹುಡುಗನಾಗಿದ್ದಾಗ ಕಲಿತ ಲೇಜಿಮ್. ಕೈಯಲ್ಲಿ ಲೇಜಿಮ್ಮಿನ ಝಲ್ಲೆನ್ನುವ ಕೋಲು ಇಲ್ಲದಿದ್ದರೂ ಎರಡು ಹೆಜ್ಜೆ ಮುಂದೆ, ಬಗ್ಗಿ, ತಿರುಗಿ, ಎರಡು ಹೆಜ್ಜೆ ಹಿಂದೆ. ಹಾಡು ಒಂದು ಕಡೆ, ಅವನ ಹೆಜ್ಜೆ ಇನ್ನೊಂದು ಕಡೆ. ಜನ ಸಿಳ್ಳೆ ಹೊಡೆದರು, ಮೊಬೈಲು ಎತ್ತಿದರು. ವೈನಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಅವನು ನನ್ನ ಕಡೆ ನೋಡಿ ಬಾ ಎಂದು ಕೈ ಮಾಡಿದ. ನಾನು ಹೊಳೆಯ ಕಡೆ ತಿರುಗಿ ಕಾಣದವನಂತೆ ನಿಂತೆ.

ಇಳಿದು ಬಂದವನು ಬೆವರು ಒರೆಸಿಕೊಳ್ಳುತ್ತ ನನ್ನ ಪಕ್ಕ ಕುಳಿತ. ಏದುಸಿರು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ತಮ್ಮಾ, ನಿನ್ನ ಕೂಡ ಒಂದ ಮಾತ ಆಡೂದಿತ್ತು. ಪಡದ ವಿಚಾರ."

ಬಂತು ಅಂದುಕೊಂಡೆ. "ಈ ಗದ್ದಲದಾಗ ಏನ ಕೇಳಸ್ತೈತೋ ಅಣ್ಣ. ನಾಳೆ ಮಾತಾಡೂಣು."

"ಆತು, ನಾಳೆ ಆಡೂಣು" ಅಂದು ಮತ್ತೆ ದೀಪ ನೋಡತೊಡಗಿದ.

ಆ ರಾತ್ರಿ ಲಾಡ್ಜಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಅಣ್ಣ ಏನು ಕೇಳುತ್ತಾನೆಂದು ನಾನು ನಿಶ್ಚಯ ಮಾಡಿಬಿಟ್ಟಿದ್ದೆ. ಬಾವಿ ತೋಡಿದವನು ನಾನು, ಬಾವಿ ಕಡೆಯದು ನನಗೆ ಬಿಡು ಅನ್ನುತ್ತಾನೆ. ಕೇಳಿದರೆ ಅದು ನ್ಯಾಯವೂ ಹೌದು. ಅಣ್ಣ ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ಹಾಗಾದರೆ ಅವನು ಕೇಳುವ ಮೊದಲೇ ನಾನು ಕೇಳಿಬಿಡಬೇಕು. ಕಚೇರಿಯಲ್ಲಿ ಮೂವತ್ತು ವರ್ಷ ಕಲಿತ ಬುದ್ಧಿ ಇದು: ಎದುರಿನವನ ಅರ್ಜಿ ಬರುವ ಮೊದಲೇ ನಮ್ಮದು ಟೇಬಲ್ಲಿನ ಮೇಲೆ ಇರಬೇಕು.

ಮರುದಿನ ಮಧ್ಯಾಹ್ನ ಅಂಬೋಲಿ ಘಟ್ಟ ಹತ್ತಿದೆವು. ಜಲಪಾತದ ಹತ್ತಿರ ಕಾರು ನಿಲ್ಲಿಸಿದರೆ ಅಲ್ಲಿ ಒಂದು ಚಹಾದ ಅಂಗಡಿ, ನಾಲ್ಕು ಮಂಗಗಳು. ಮೆಟ್ಟಿಲು ಹತ್ತಿ ಹೋಗಿ ನೋಡಿದರೆ ಎತ್ತರದ ಕಪ್ಪು ಬಂಡೆ, ನೀರು ಹರಿದ ಗುರುತು, ಬುಡದಲ್ಲಿ ಒಣಗಿದ ಪಾಚಿ. ಒಂದು ಹನಿ ಇಲ್ಲ. ಚಹಾದವನು ಮರಾಠಿಯಲ್ಲಿ, ಜೂನ್ ಕಳೆದ ಮೇಲೆ ಬರಬೇಕಿತ್ತು ಎಂದು ನಕ್ಕ. ಅಣ್ಣನೂ ಮರಾಠಿಯಲ್ಲೇ, ಜೂನಿನಲ್ಲಿ ನಮಗೆಲ್ಲಿ ಬಿಡುವು ಅಂದ. ಹೆಂಗಸರು ಕಣಿವೆ ನೋಡಲು ಕಟ್ಟೆಯ ಕಡೆ ಹೋದರು. ಅಣ್ಣ ಟೊಪ್ಪಿಗೆ ತೆಗೆದು ಬಂಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಇಲ್ಲೇ ಬೀಳತಿದ್ದೀತು" ಅಂದ. ಆಮೇಲೆ ನನ್ನ ಕಡೆ ತಿರುಗಿ ಗಂಟಲು ಸರಿ ಮಾಡಿಕೊಂಡ. "ತಮ್ಮಾ..."

ನಾನು ಅವನ ಮಾತಿನ ಮೇಲೆ ಮಾತು ಹಾಕಿದೆ. "ಅಣ್ಣ, ನಾವು ಬ್ಯಾರೆ ಆಗೂಣು. ಬಾವಿ ಕಡೀದು ನನಗಿರ್ಲಿ."

ಅವನ ಬಾಯಿ ತೆರೆದಂತೆಯೇ ಇತ್ತು. ಟೊಪ್ಪಿಗೆಯನ್ನು ಕೈಯಲ್ಲಿ ಎರಡು ಸಲ ತಿರುಗಿಸಿ ತಲೆಗೆ ಹಾಕಿಕೊಂಡ.

"ಆತು" ಅಂದ. "ಮೊದಲ ಆರಿಸಿಕೊಳ್ಳೂದು ಕಿರ್ಯಾಂವಂದು. ನೀ ಆರಿಸಿಕೊಂಡಿ."

ಅಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ನನಗೆ ಗಲಿಬಿಲಿಯಾಯಿತು. "ನೀನೂ ಏನೋ ಹೇಳಾವಿದ್ದಿ?"

"ಏನಿಲ್ಲ. ಈ ಸಲದ ಚಾಟ್ನಿ ಎರಡೂ ಕಡೀದು ನಾನ ಮಾಡ್ತೀನಿ. ಹೊಸಾ ಮಂದಿ ಕೈಯಾಗ ಕೊಟ್ಟಿ ಅಂದ್ರ ಬಳ್ಳಿ ಕೆಡತಾವ."

ವಾಪಸು ಬರುವಾಗ ಕಾರಿನಲ್ಲಿ ವೈನಿ ಮತ್ತು ನನ್ನ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಹೆಂಗಸರು ದಣಿದಿದ್ದಾರೆ ಎಂದುಕೊಂಡೆ. ನಾನು ಗೆದ್ದವನು, ಹಾಡು ಗುನುಗುತ್ತ ಗಾಡಿ ಓಡಿಸಿದೆ.

ಅಣ್ಣ ಚಾಟ್ನಿ ಮಾಡಿದ. ಮೊದಲು ಬಾವಿ ಕಡೆಯದನ್ನು, ಆಮೇಲೆ ತನ್ನದನ್ನು. ಮಳೆಗಾಲದಲ್ಲಿ ಅಥಣಿಗೆ ಹೋಗಿ ಕಾಗದಪತ್ರ ಮಾಡಿಸಿದೆವು. ಸಹಿ ಹಾಕುವಾಗ ಅವನು ಚಷ್ಮಾ ಹುಡುಕಿದ, ನಾನು ಅವನ ಕಿಸೆಯಿಂದಲೇ ತೆಗೆದುಕೊಟ್ಟೆ. ಹೊರಗೆ ಬಂದು ನಾಲ್ಕೂ ಜನ ಚಹಾ ಕುಡಿದೆವು. ಅಣ್ಣ ದುಡ್ಡು ಕೊಡಲು ಹೋದಾಗ ವೈನಿ ನನ್ನ ಕಡೆ ನೋಡಿ ತಡೆಯಲಾರದೆ ಹೇಳಿದರು.

"ನೀ ಹಂಗ ಕೇಳಬಾರದಿತ್ತಪ್ಪಾ. ಅವ್ರು ನಿನ್ನ ಗೋವಾಕ್ಕ ಕರಕೊಂಡ ಹೋಗಿದ್ದು, ಬ್ಯಾರೆ ಆಗೂದ ಬ್ಯಾಡ ಅಂತ ಹೇಳಾಕ. ಪೆನ್ಶನ್ ಆದಮ್ಯಾಲೆ ನೀವು ಬಂದಿರ್ರಿ ಅಂತ ಬಾವಿ ಕಡೆ ಎರಡ ಖೋಲಿ ಕಟ್ಟಸೂದು ಮನಸಿನ್ಯಾಗಿತ್ತು. ಲಾಡ್ಜಿನ್ಯಾಗ ರಾತ್ರಿ ನನ್ನ ಮುಂದ ನಾಕ ಸಲ ಹೇಳಿ ನೋಡಿದ್ರು, ಮಾತ ಹೆಂಗ ಎತ್ತಲಿ ಅಂತ."

ನನ್ನ ಹೆಂಡತಿ ತಲೆ ತಗ್ಗಿಸಿದಳು. ಆ ರಾತ್ರಿ ಗೋಡೆಯ ಈ ಕಡೆ ನಾನು ಅವನಿಗಿಂತ ಮೊದಲು ಹೇಗೆ ಕೇಳಲಿ ಎಂದು ಹೊರಳಾಡಿದ್ದೆ, ಆ ಕಡೆ ಅಣ್ಣ ನನ್ನನ್ನು ಹೇಗೆ ಉಳಿಸಿಕೊಳ್ಳಲಿ ಎಂದು ಮಾತು ಜೋಡಿಸುತ್ತಿದ್ದ. ಅವನು ಚಿಲ್ಲರೆ ಎಣಿಸುತ್ತ ವಾಪಸು ಬಂದ. ನಾನು ಹೇಳಬೇಕಿತ್ತು, ಈ ಕಾಗದ ಹರಿದುಹಾಕೋಣ ಅಣ್ಣ ಎಂದು. ಬದಲಿಗೆ ಕಾಗದ ಮಡಚಿ ಚೀಲದೊಳಗಿಟ್ಟೆ. ಆರಿಸಿಕೊಂಡವನು ತಿರುಗಿ ಕೊಟ್ಟರೆ ಊರು ಏನೆಂದೀತು ಎಂಬ ಯೋಚನೆ ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡಿತು. ನನ್ನಂಥ ಹೇಡಿಯನ್ನು ನಾನು ಬೇರೆ ಕಂಡಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ಹಣ್ಣು ಇಳಿಸಲು ನಾನು ರಜೆ ಹಾಕಿ ಪಡಕ್ಕೆ ಹೋಗಿದ್ದೆ. ನೋಡಿಕೊಳ್ಳಲು ಇಟ್ಟಿದ್ದ ಆಳುಮನುಷ್ಯ ಬುದ್ಧಿವಂತ, ಬೆಳೆ ಚೆನ್ನಾಗಿತ್ತು. ಎರಡು ಪಾಲಿನ ನಡುವೆ ನಾನು ಬೇಲಿ ಹಾಕಿಸಿರಲಿಲ್ಲ. ಮೊಣಕಾಲೆತ್ತರದ ಒಂದು ಬದು ಅಷ್ಟೆ, ಸಣ್ಣ ಮಗುವೂ ದಾಟಬಹುದು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಬಾವಿಯ ಹತ್ತಿರ ನಿಂತು ಪೆಟ್ಟಿಗೆ ತುಂಬಿಸುತ್ತಿದ್ದೆ. ಅಣ್ಣ ಬದುವಿನ ಆಚೆ ಬಂದು ನಿಂತ. ಅವನ ಬೋರು ಮತ್ತೆ ಕೈಕೊಟ್ಟಿತ್ತಂತೆ, ಕೈಯಲ್ಲಿ ಖಾಲಿ ಕೊಡ ಇತ್ತು. ಆಳುಗಳು ಅವನನ್ನು ನೋಡಿ ನಮಸ್ಕಾರ ಅಂದರು. ಅವನು ಅವರಿಗೆ ತಲೆಯಾಡಿಸಿ ನನ್ನ ಕಡೆ ನೋಡಿದ. ಮುಖದಲ್ಲಿ ಸಿಟ್ಟಿಲ್ಲ, ಚುಚ್ಚುವ ಮಾತಿಲ್ಲ, ಬೇರೆಯವರ ಹೊಲದ ಮುಂದೆ ಯಾರೇ ಆದರೂ ನಿಲ್ಲುವ ಹಾಗೆ ನಿಂತಿದ್ದ.

"ತಮ್ಮಾ, ಒಳಗ ಬರ್ಲೇನು?" ಎಂದು ಕೇಳಿದ.