ಬೆಂಗ್ರೆಯ ಗುರಿಕಾರ ಅಕ್ಕು

ನಮ್ಮ ಊರಿನಲ್ಲಿ ಈಗ ಪದವಿಗಳಿಗೆ ಬರವಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ, ಸಹ ಅಧ್ಯಕ್ಷ, ಗೌರವಾಧ್ಯಕ್ಷ. ಮಾಲೆ ಸಾಲದೆ ಒಬ್ಬರಿಗೆ ಹಾಕಿದ್ದನ್ನೇ ತೆಗೆದು ಇನ್ನೊಬ್ಬರಿಗೆ ಹಾಕಿದ್ದನ್ನೂ ನೋಡಿದ್ದೇನೆ. ಅಂಥ ಸಭೆಗಳಲ್ಲಿ ಹೆಂಗಸರಿಗೆ ಮಹಿಳಾ ಘಟಕ ಎಂದು ಹೆಸರಿಟ್ಟು ಹಿಂದಿನ ಸಾಲು ತೋರಿಸುವಾಗ ನನ್ನ ಮೈಯೆಲ್ಲ ಉರಿಯುತ್ತದೆ. ಉರಿಯದೆ ಏನು? ನಾನು ಅಕ್ಕುವಿನ ಮೊಮ್ಮಗಳು.

ಅಕ್ಕು ಹುಟ್ಟಿ ಬೆಳೆದದ್ದು ಬೆಂಗ್ರೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮರಳಿನ ಪಟ್ಟಿಯಲ್ಲಿ. ಶಾಲೆಯ ಮುಖ ನೋಡಿದವಳಲ್ಲ. ಗಂಡಸರು ಹಿಡಿದು ತಂದ ಮೀನನ್ನು ಬುಟ್ಟಿಗೆ ತುಂಬಿ, ಹೊಳೆ ದಾಟಿ, ಪೇಟೆಯ ಬಂದರಿನಿಂದ ಕೊಡಿಯಾಲ್‌ಬೈಲಿನವರೆಗೆ ಮನೆಮನೆ ತಿರುಗಿ ಮಾರುವುದು ಅವಳ ಕೆಲಸ. ಗಂಟಲು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಗಂಡ ಬೇಗ ತೀರಿಕೊಂಡ. ಇದ್ದದ್ದು ಒಬ್ಬಳೇ ಮಗಳು, ನನ್ನ ತಾಯಿ ಸುಂದರಿ.

ಅಕ್ಕುವಿನ ಅಣ್ಣ ಪೂವಪ್ಪ ಬೆಂಗ್ರೆಯ ಗುರಿಕಾರ. ನಮ್ಮ ಮೊಗವೀರರಲ್ಲಿ ಗುರಿಕಾರನೆಂದರೆ ಊರಿನ ಹಿರಿಯ. ಜಗಳ ತೀರಿಸುವವನು ಅವನು, ಮಳೆಗಾಲ ತಗ್ಗಿದ ಮೇಲೆ ಕಡಲಿಗೆ ಹಾಲು ಹೊಯ್ದು ಬಲೆ ಇಳಿಸಲು ಅಪ್ಪಣೆ ಕೊಡುವವನೂ ಅವನೇ. ಭಜನಾ ಮಂದಿರದ ಜಗಲಿಯಲ್ಲಿ ಹಲಸಿನ ಮರದ ಅಗಲವಾದ ಮಣೆ ಅವನದು. ಅದರ ಮೇಲೆ ಬೇರೆಯವರು ಹೆಗಲ ಬೈರಾಸನ್ನೂ ಇಡುವಂತಿರಲಿಲ್ಲ. ಆ ಪಟ್ಟ ಹೋಗುವುದು ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ. ನಮ್ಮದು ಅಳಿಯಸಂತಾನ, ಮನೆತನ ನಡೆಯುವುದು ತಾಯಿಯ ಕಡೆಯಿಂದ.

ಸಾವಿರದ ಒಂಬೈನೂರ ಮೂವತ್ತರ ಸುಮಾರಿಗೆ ಪೂವಪ್ಪ ತೀರಿಕೊಂಡ. ಅವನಿಗೆ ಅಕ್ಕು ಒಬ್ಬಳೇ ತಂಗಿ, ಅವಳಿಗೆ ಗಂಡುಮಗನಿಲ್ಲ; ಪಟ್ಟಕ್ಕೆ ಅಳಿಯ ಇರಲಿಲ್ಲ. ಉತ್ತರಕ್ರಿಯೆಯ ಊಟ ಮುಗಿಯುತ್ತಲೇ ದುಗ್ಗಪ್ಪ ಎದ್ದು ನಿಂತ. ಬಲೆ ಎಳೆಯುವವರ ಮುಂದಾಳು ಅವನು, ತಂಡೇಲ ಎನ್ನುತ್ತಾರೆ.

"ಗುರಿಕಾರರ ಮನೆಯಲ್ಲಿ ಇನ್ನು ಗಂಡು ಇಲ್ಲ. ಪಟ್ಟ ನಮ್ಮ ಮನೆಗೆ ಬರಲಿ" ಎಂದ. ಗಂಡಸರೆಲ್ಲ ತಲೆಯಾಡಿಸಿದರು.

ಎಂಜಲೆಲೆ ತೆಗೆಯುತ್ತಿದ್ದ ಅಕ್ಕು ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಬಂದಳು.

"ಅಳಿಯ ಎಲ್ಲಿಂದ ಬರುವುದು ದುಗ್ಗಪ್ಪಾ? ಆಕಾಶದಿಂದ ಬೀಳ್ತಾನಾ? ನನ್ನ ಹೊಟ್ಟೆಯಿಂದ ಅಲ್ವಾ? ಹೆತ್ತವಳಿಗೆ ಇಲ್ಲದ ಪಟ್ಟ ಹುಟ್ಟಿದವನಿಗೆ ಹೇಗೆ ಬರ್ತದೆ? ಅಣ್ಣನ ಮಣೆಯಲ್ಲಿ ನಾನೇ ಕೂತ್ಕೊಳ್ತೇನೆ."

"ಹೆಂಗಸು ಗುರಿಕಾರ ಆದದ್ದು ಎಲ್ಲಿಯಾದ್ರೂ ಉಂಟಾ ಅಕ್ಕ? ನಿಮ್ಮ ಮನೆಗೆ ನೀವು ಯಜಮಾನ್ತಿ, ಅಷ್ಟು ಸಾಕು. ದೋಣಿ ಹತ್ತದವರು ಬಲೆಯ ವಿಷಯ ಎಂತ ಹೇಳುವುದು?"

ಮಾತು ಸರಿಯೆಂದೇ ಎಲ್ಲರಿಗೂ ಅನ್ನಿಸಿತು. ನಮ್ಮಲ್ಲಿ ಹೆಂಗಸರು ಮೀನು ಹಿಡಿಯುವ ದೋಣಿಗೆ ಕಾಲಿಡುವುದಿಲ್ಲ. ಅಕ್ಕು ಕೈಯಲ್ಲಿದ್ದ ಎಂಜಲೆಲೆಗಳನ್ನು ಕೆಳಗಿಟ್ಟಳು.

"ಸರಿ ಮಾರಾಯ. ದೋಣಿ ನಿಮ್ಮದು, ಬಲೆ ನಿಮ್ಮದು. ಬುಟ್ಟಿ ನಮ್ಮದು. ನಾನು ಮಣೆಯಲ್ಲಿ ಕೂರುವವರೆಗೆ ಬೆಂಗ್ರೆಯ ಒಬ್ಬ ಹೆಂಗಸೂ ಬುಟ್ಟಿ ಎತ್ತುವುದಿಲ್ಲ."

ಗಂಡಸರು ನಕ್ಕರು. ನಕ್ಕವರಲ್ಲಿ ನನ್ನ ಅಪ್ಪನೂ ಒಬ್ಬ. ಅಮ್ಮ ಅದನ್ನು ಸಾಯುವವರೆಗೂ ಅವನಿಗೆ ನೆನಪಿಸುತ್ತಿದ್ದಳು.

ಮರುದಿನ ಕಡಲು ಕೈತುಂಬ ಕೊಟ್ಟಿತು. ರಂಪಣಿ ಬಲೆಯ ಎರಡು ತುದಿಗಳನ್ನು ಎಳೆದು ದಡಕ್ಕೆ ತಂದರೆ ಬೂತಾಯಿ ಮೀನು ರಾಶಿ ರಾಶಿ. ಆದರೆ ದಡದಲ್ಲಿ ಒಬ್ಬ ಹೆಂಗಸಿಲ್ಲ. ಎಲ್ಲರೂ ಅಕ್ಕುವಿನ ಅಂಗಳದಲ್ಲಿ ಕೂತು ವೀಳ್ಯ ಜಗಿಯುತ್ತಿದ್ದರು. ದುಗ್ಗಪ್ಪನ ಹೆಂಡತಿ ಬಾಗಿಯೂ ಗಂಡನಿಗೆ ಹೇಳದೆ ಬಂದು ಮೂಲೆ ಹಿಡಿದಿದ್ದಳು.

ಗಂಡಸರು ತಲೆಯ ಮೇಲೆ ಬುಟ್ಟಿ ಇಡಲು ನಾಚಿ, ಬಿದಿರಿಗೆ ಕಟ್ಟಿ ಇಬ್ಬಿಬ್ಬರು ಹೊತ್ತು ಹೊಳೆ ದಾಟಿದರು. ಅಲೆಯ ಸದ್ದನ್ನೂ ಮೀರಿ ಕೂಗುವ ಗಂಟಲುಗಳಿಗೆ ಬೀದಿಯಲ್ಲಿ ಮೀನು ಬೇಕಾ ಎಂದು ಕೇಳಲು ಬಾಯಿ ಬರಲಿಲ್ಲ. ಕೊಳ್ಳುವವರು ಬುಟ್ಟಿಗೆ ಇಣುಕಿ, "ಅಕ್ಕು ಎಲ್ಲಿ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ಕೊನೆಗೆ ಬಂದರಿನ ಒಣಮೀನಿನ ವ್ಯಾಪಾರಿ ರವೂಫ್ ಬ್ಯಾರಿಯ ಹತ್ತಿರ ಹೋದರು.

"ಹಸಿಮೀನು ತಗೊಂಡು ನಾನು ಎಂತ ಮಾಡುವುದು?" ಎಂದರು ಬ್ಯಾರಿ. "ಉಪ್ಪು ಹಾಕಿ ಒಣಗಿಸಿ ಕೊಡುವುದು ನಿಮ್ಮ ಹೆಂಗಸರು. ಮೊದಲು ಅವರನ್ನು ಸಮಾಧಾನ ಮಾಡಿ ಮಾರಾಯ."

ಬಿಸಿಲಿಗೆ ಮೀನು ಮೆತ್ತಗಾಯಿತು, ಸಂಜೆಗೆ ನಾರಿತು. ಅದನ್ನು ತೆಂಗಿನ ಬುಡಕ್ಕೆ ಹೂತರು. ಮರುದಿನವೂ ಅದೇ ಕಥೆ. ಬರಬರುತ್ತಾ ನಮ್ಮ ಮನೆಯಲ್ಲೂ ಗಂಜಿಗೆ ತತ್ವಾರವಾಯಿತು. ಅಮ್ಮ ಅತ್ತುಬಿಟ್ಟಳಂತೆ.

"ಸಾಕಮ್ಮ, ಬಿಟ್ಟುಬಿಡು. ಮಣೆ ತಿನ್ಲಿಕ್ಕೆ ಆಗ್ತದಾ?"

"ಹಸಿವು ನಮಗೆ ಹೊಸತಾ ಸುಂದರಿ? ಈಗ ನಾನು ಬಿಟ್ಟರೆ ನಾಳೆ ನಿನ್ನ ಮಕ್ಕಳೂ ನೆಲದಲ್ಲೇ ಕೂತು ಬೇರೆಯವರ ತೀರ್ಪು ಕೇಳಬೇಕು."

ವಾರ ತುಂಬುವ ಹೊತ್ತಿಗೆ ದುಗ್ಗಪ್ಪ ನಾಲ್ಕು ಹಿರಿಯರನ್ನು ಕರೆದುಕೊಂಡು ಅಂಗಳಕ್ಕೆ ಬಂದ. ಹೆಗಲ ಬೈರಾಸು ಕೈಗೆ ಇಳಿದಿತ್ತು.

"ಅಕ್ಕ, ಊರು ಹಾಳಾಗ್ತಾ ಉಂಟು. ಹೀಗೆ ಮಾಡುವ. ಹೆಸರಿಗೆ ನಾನು ಗುರಿಕಾರ, ನೀವು ನನ್ನ ಹತ್ತಿರ ಕೂತ್ಕೊಳ್ಳಿ. ಅರ್ಧ ಪಟ್ಟ ನಿಮಗೆ ಕೊಡ್ತೇನೆ."

ಅಕ್ಕು ಎದ್ದಳು, ಸೀರೆ ಕೊಡವಿಕೊಂಡು ಮಂದಿರದ ಕಡೆಗೆ ನಡೆದಳು. ಹೆಂಗಸರೆಲ್ಲ ಅವಳ ಹಿಂದೆ ಹೊರಟರು. ಅವರ ಹಿಂದೆ, ಏನಾಗುವುದೋ ಎಂದು, ಗಂಡಸರು. ಜಗಲಿ ಹತ್ತಿ ಅವಳು ಮಣೆಯ ನಟ್ಟನಡುವೆ ಕೂತಳು. ಆಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಕೊಡ್ಲಿಕ್ಕೆ ಇದು ನಿನ್ನದಲ್ಲ ದುಗ್ಗಪ್ಪಾ. ಆದ್ರೆ ಬಲೆಯ ಕೆಲಸ ನಿನಗೆ ಗೊತ್ತುಂಟು, ನನಗೆ ಇಲ್ಲ. ಬಾ, ಕೂತ್ಕೊ. ಅರ್ಧ ನಾನು ಕೊಡ್ತೇನೆ."

ದುಗ್ಗಪ್ಪನ ಮುಖ ಕೆಂಪೇರಿತು. ತಿರುಗಿ ತನ್ನವರನ್ನು ನೋಡಿದ. ಎಲ್ಲರೂ ಮರಳು ನೋಡುತ್ತಿದ್ದರು. ಆಗ ಹೆಂಗಸರ ಗುಂಪಿನಿಂದ ಬಾಗಿಯ ಸ್ವರ ಬಂತು.

"ಕೂತ್ಕೊಳ್ಳಿ ಒಮ್ಮೆ! ಇವತ್ತಿನ ಮೀನಾದ್ರೂ ಮಾರುವ."

ಅವನು ಕೂತ. ಹೆಂಗಸರು ಬುಟ್ಟಿ ತರಲು ಓಡಿದರು.

ಅಂದಿನಿಂದ ಬೆಂಗ್ರೆಗೆ ಇಬ್ಬರು ಗುರಿಕಾರರು. ಬಲೆಯ ಮಾತು ದುಗ್ಗಪ್ಪನದು, ದಡದ ಮಾತು ಅಕ್ಕುವಿನದು, ಜಗಳದ ತೀರ್ಪು ಇಬ್ಬರದೂ. ಅವರಿಬ್ಬರಿಗೆ ಒಂದು ದಿನವೂ ಸರಿಬರಲಿಲ್ಲ ಎನ್ನುವವರಿದ್ದಾರೆ. ಇರಲಿ, ಅಣ್ಣತಮ್ಮಂದಿರಿಗೇ ಸರಿಬರುವುದಿಲ್ಲ.

ಎರಡನೇ ಮಹಾಯುದ್ಧ ಮುಗಿಯುವ ಮೊದಲೇ ಅಕ್ಕು ತೀರಿಕೊಂಡಳು. ಉತ್ತರಕ್ರಿಯೆಯ ಊಟ ಮುಗಿದ ಮೇಲೆ ಈ ಸಲ ಯಾರೂ ಎದ್ದು ಮಾತಾಡಲಿಲ್ಲ. ನನ್ನ ತಾಯಿ ಕೈತೊಳೆದು, ಯಾರನ್ನೂ ಕೇಳದೆ, ಜಗಲಿ ಹತ್ತಿದಳು. ಮುದುಕನಾಗಿದ್ದ ದುಗ್ಗಪ್ಪ ಮಣೆಯಲ್ಲಿ ಸರಿದು ಕೂತ.